ರೆಕಾರ್ಡ್ ಅಂಗಡಿ ಇಡುವವರಿಗೆ: ಮಾಲು ಮೊದಲು, ಮಳಿಗೆ ಆಮೇಲೆ

ಮುಂಬೈ ಕಾಲಾಘೋಡಾದ ರಿದಂ ಹೌಸ್ 2016ರಲ್ಲಿ ಬಾಗಿಲು ಹಾಕಿತು. ಕೋಲ್ಕತ್ತ ಪಾರ್ಕ್ ಸ್ಟ್ರೀಟಿನ ಮ್ಯೂಸಿಕ್ ವರ್ಲ್ಡ್ ಅದಕ್ಕೂ ಮೂರು ವರ್ಷ ಮೊದಲೇ ಹೋಗಿತ್ತು. ಆದರೆ ಅದೇ ಕೋಲ್ಕತ್ತದ ಫ್ರೀ ಸ್ಕೂಲ್ ಸ್ಟ್ರೀಟಿನಲ್ಲಿ, ಮುಂಬೈಯ ಚೋರ್ ಬಜಾರಿನಲ್ಲಿ ಹಳೆ ಪ್ಲೇಟು ಮಾರುವ ಪುಟ್ಟ ಅಂಗಡಿಗಳು ಇನ್ನೂ ಇವೆ. ದೊಡ್ಡ ಮಳಿಗೆಗಳು ನಿಂತಿದ್ದದ್ದು ಎಲ್ಲೆಡೆ ಒಂದೇ ಬೆಲೆಗೆ ಸಿಗುವ ಹೊಸ ಮಾಲಿನ ಮೇಲೆ. ಸಣ್ಣವು ನಿಂತಿರುವುದು ಬೇರೆಲ್ಲೂ ಸಿಗದ ಹಳೆಯ ಮಾಲಿನ ಮೇಲೆ. ಈಗ ಬೆಂಗಳೂರಿನಲ್ಲೋ ಮೈಸೂರು, ಹುಬ್ಬಳ್ಳಿಯಲ್ಲೋ ಸ್ವಂತ ರೆಕಾರ್ಡ್ ಅಂಗಡಿ ಇಡಬೇಕೆನ್ನುವವರು ಹಿಡಿಯಬೇಕಾದ ದಾರಿ ಎರಡನೆಯದು. ಈ ವ್ಯಾಪಾರದಲ್ಲಿ ಲಾಭ ಹುಟ್ಟುವುದು ಕೊಳ್ಳುವಾಗ; ಗಲ್ಲಾಪೆಟ್ಟಿಗೆಯಲ್ಲಿ ಅದು ಕೈಗೆ ಬರುತ್ತದೆ, ಅಷ್ಟೆ.

ಮೊದಲು ಲೆಕ್ಕ

ಬೋರ್ಡು ಬರೆಸುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಇಲ್ಲಿ ಕೊಡುವ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಊರಿನ ಬಾಡಿಗೆ ಹಾಕಿ ತಿದ್ದಿಕೊಳ್ಳಿ.

ಮೊದಲ ಮಹಡಿಯ 200 ಚದರಡಿ ಜಾಗಕ್ಕೆ ತಿಂಗಳಿಗೆ 18,000, ಅರೆಹೊತ್ತಿನ ಸಹಾಯಕರಿಗೆ 12,000, ಕರೆಂಟು, ಇಂಟರ್ನೆಟ್ಟಿಗೆ 3,000, ಉಳಿದ ಸಣ್ಣಪುಟ್ಟಕ್ಕೆ 9,000. ಒಟ್ಟು 42,000. ಇದರಲ್ಲಿ ನಿಮ್ಮ ಸಂಬಳ ಇಲ್ಲ.

ಹೊಸ ಎಲ್‌ಪಿಯನ್ನು (12 ಇಂಚಿನ ದೊಡ್ಡ ಪ್ಲೇಟು) 1,950ಕ್ಕೆ ತಂದು 2,500ಕ್ಕೆ ಮಾರಿದರೆ 550 ಸಿಕ್ಕಂತೆ ಕಾಣುತ್ತದೆ. ಅದರೊಳಗಿನ ಶೇ. 18 ಜಿಎಸ್‌ಟಿ, ಅಂದರೆ 84 ರೂಪಾಯಿ ಕಳೆದರೆ ಕೈಗೆ 466. ಹಳೆ ಎಲ್‌ಪಿಯನ್ನು 150ಕ್ಕೆ ಕೊಂಡು 500ಕ್ಕೆ ಮಾರಿದರೆ 350. ಅದರಲ್ಲಿ ತೆರಿಗೆ 53, ತೊಳೆದು ಹೊಸ ಒಳಚೀಲ, ಹೊರಚೀಲ ಹಾಕಲು 40 ಹೋದರೆ 257. ಹೊಸದರಲ್ಲಿ ಹೆಚ್ಚು ಉಳಿಯಿತಲ್ಲ ಎನಿಸಬಹುದು. ಆದರೆ 466 ಗಳಿಸಲು 1,950 ಸಿಕ್ಕಿಹಾಕಿಕೊಂಡಿದೆ, 257 ಗಳಿಸಲು ಬರೀ 190. ಮಾರದೆ ಉಳಿದ ಹೊಸ ಪ್ಲೇಟನ್ನು ಸಗಟು ವ್ಯಾಪಾರಿ ಸಾಮಾನ್ಯವಾಗಿ ವಾಪಸು ತೆಗೆದುಕೊಳ್ಳುವುದೂ ಇಲ್ಲ.

ತಿಂಗಳಿಗೆ 25 ಹೊಸದು, 120 ಹಳೆಯದು ಹೋದರೆ ಸುಮಾರು 42,500 ಬಂದು ಖರ್ಚು ತೂಗುತ್ತದೆ. 26 ದಿನಕ್ಕೆ ಹಂಚಿದರೆ ದಿನಕ್ಕೆ ಐದಾರು ಪ್ಲೇಟು. ಬಾಡಿಗೆ 18,000ದ ಬದಲು 40,000 ಆದರೆ ತಿಂಗಳಿಗೆ ಇನ್ನೂ 85 ಹಳೆ ಪ್ಲೇಟು ಮಾರಬೇಕು, ಅಷ್ಟನ್ನು ಹುಡುಕಿ ಕೊಳ್ಳಲೂ ಬೇಕು. ಮುಖ್ಯರಸ್ತೆಯ ನೆಲಮಳಿಗೆಗೆ ಆಸೆಪಟ್ಟವರು ಎಡವುವುದು ಇಲ್ಲೇ. ರೆಕಾರ್ಡು ಕೊಳ್ಳುವವರು ಹುಡುಕಿಕೊಂಡು ಬರುವ ಗಿರಾಕಿಗಳು. ಒಂದು ಮಹಡಿ ಹತ್ತಿ ಬರುತ್ತಾರೆ. ಬೆಂಗಳೂರಿನಲ್ಲಿ ಆರರಿಂದ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವುದು ರೂಢಿ. ಆ ಹಣ ಮಾಲಾಗಿದ್ದರೆ ದುಡಿಯುತ್ತಿತ್ತು ಎಂಬುದನ್ನು ಲೆಕ್ಕದಲ್ಲಿಟ್ಟುಕೊಂಡೇ ಚೌಕಾಸಿ ಮಾಡಿ.

ಮಾಲು ಎಲ್ಲಿ ಸಿಗುತ್ತದೆ

ಅಂಗಡಿ ತೆರೆಯುವ ದಿನ ತೊಳೆದು, ದರ್ಜೆ ಹಾಕಿ, ಬೆಲೆ ಅಂಟಿಸಿದ ಸಾವಿರ ಪ್ಲೇಟು ಇರಬೇಕು, ಹಿಂದೆ ಕಾದಿಟ್ಟ ಇನ್ನೊಂದು ಐನೂರು ಇರಬೇಕು. ಇನ್ನೂರು ಪ್ಲೇಟಿನ ಅಂಗಡಿಗೆ ಬಂದ ಗಿರಾಕಿ ಹತ್ತು ನಿಮಿಷದಲ್ಲಿ ಎಲ್ಲ ನೋಡಿ ಮುಗಿಸಿ ಮತ್ತೆ ಬರುವುದಿಲ್ಲ. ಹಾಗಾಗಿ ಜಾಗ ಹಿಡಿಯುವ ಮೊದಲು ಆರು ತಿಂಗಳಾದರೂ ಕೊಳ್ಳುತ್ತಿರಿ. ಭಾನುವಾರದ ಸಂತೆಗಳಲ್ಲಿ ಮೇಜು ಹಾಕಿ ಮಾರಿ ನೋಡಿ. ನಿಮ್ಮ ಊರಿನ ಜನ ಯಾವುದನ್ನು ಕೈಗೆತ್ತಿಕೊಳ್ಳುತ್ತಾರೆ, ಯಾವ ಬೆಲೆಗೆ ಕೆಳಗಿಡುತ್ತಾರೆ ಎಂಬುದು ಬಾಡಿಗೆ ಕಟ್ಟದೆಯೇ ತಿಳಿಯುತ್ತದೆ.

ಒಳ್ಳೆಯ ಮಾಲು ಮನೆಗಳಿಂದ ಬರುತ್ತದೆ. ಮಲ್ಲೇಶ್ವರ, ಬಸವನಗುಡಿ, ಜಯನಗರದ ಹಳೆ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವಾಗ ಅಟ್ಟದ ಪೆಟ್ಟಿಗೆಗಳು ಕೆಳಗಿಳಿಯುತ್ತವೆ. ಧಾರವಾಡ, ಹುಬ್ಬಳ್ಳಿ ಕಡೆಯ ಮನೆಗಳಲ್ಲಿ ಹಿಂದೂಸ್ತಾನಿ ಹೆಚ್ಚು; ಮೈಸೂರು, ಬೆಂಗಳೂರಿನಲ್ಲಿ ಕರ್ನಾಟಕ ಸಂಗೀತ, ಭಾವಗೀತೆ, ರಾಜ್‌ಕುಮಾರ್ ಚಿತ್ರಗೀತೆ; ದಂಡು ಪ್ರದೇಶದ ಮನೆಗಳಲ್ಲಿ ಜಾಜ್, ರಾಕ್, ಕಂಟ್ರಿ. ಮನೆ ಸಾಗಿಸುವವರು, ಹಳೆ ಪುಸ್ತಕದ ವ್ಯಾಪಾರಿಗಳು, ಗುಜರಿಯವರು, ರೇಡಿಯೊ ರಿಪೇರಿಯವರ ಹತ್ತಿರ ನಿಮ್ಮ ನಂಬರು ಇರಲಿ. ಸುದ್ದಿ ಕೊಟ್ಟವರಿಗೆ ಕಮಿಷನ್ ಅದೇ ದಿನ ಕೊಟ್ಟುಬಿಡಿ. ಮುಂದಿನ ಸುದ್ದಿ ಬರುವುದು ಅದರಿಂದ.

ತಾಲ್ಲೂಕು ಊರುಗಳ ಹಳೆ ಮೈಕ್‌ಸೆಟ್ ಅಂಗಡಿಗಳಲ್ಲೂ ರಾಶಿ ಸಿಗುತ್ತದೆ. ಮದುವೆ, ಜಾತ್ರೆ, ಟೂರಿಂಗ್ ಟಾಕೀಸಿಗೆ ಹಾಕಿದ ಚಿತ್ರಗೀತೆಯ ಏಳು ಇಂಚಿನ ಪ್ಲೇಟುಗಳು ನೂರಾರು ಇರುತ್ತವೆ. ಆದರೆ ಅವು ವರ್ಷಗಟ್ಟಲೆ ಭಾರದ ಮುಳ್ಳಿನಡಿ ಸವೆದವು. ಕವರು ಚೆನ್ನಾಗಿದ್ದರೆ ಕವರಿನ ಬೆಲೆ ಕೊಡಿ, ಹಾಡಿನ ಬೆಲೆ ಕೊಡಬೇಡಿ. ಆಕಾಶವಾಣಿಯದೋ ಗ್ರಂಥಾಲಯದ್ದೋ ಮುದ್ರೆ ಬಿದ್ದ ಪ್ಲೇಟು ಬಂದರೆ ವಿಲೇವಾರಿಯ ಕಾಗದ ಕೇಳಿ. ಕಾಗದ ಇಲ್ಲದಿದ್ದರೆ ಎಷ್ಟೇ ಅಪರೂಪದ್ದಾದರೂ ಬೇಡ.

ಯಾವುದು ಅಪರೂಪ ಎಂಬುದರ ಅಂದಾಜು ಬೇಕು. 1980ರ ದಶಕದಲ್ಲಿ ಕ್ಯಾಸೆಟ್ ಬಂದಮೇಲೆ ಎಲ್‌ಪಿ ಮಾರಾಟ ಕುಸಿಯಿತು. ಹಾಗಾಗಿ ಆ ದಶಕದ ಕೊನೆಯ ಚಿತ್ರಗೀತೆ ಎಲ್‌ಪಿಗಳು ಒತ್ತಿದ್ದೇ ಕಡಿಮೆ, ಹೊಸದಾದರೂ ಸಿಗುವುದು ಕಷ್ಟ. ಹಳೆಯದೆಲ್ಲ ಬೆಲೆಬಾಳುತ್ತದೆ ಎನ್ನುವುದು ಮಾರಲು ಬಂದವರ ನಂಬಿಕೆ, ನಿಮ್ಮದಾಗಬಾರದು. ಮನೆಮನೆಯಲ್ಲೂ ಇರುವ ಭಕ್ತಿಗೀತೆ ಎಲ್‌ಪಿ 1970ರದ್ದಾದರೂ ನೂರು ರೂಪಾಯಿ ದಾಟುವುದು ಕಷ್ಟ. 78 ಆರ್‌ಪಿಎಂನ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ, ಅರಗಿನ ಪ್ಲೇಟುಗಳಿಗೆ ಗಿರಾಕಿ ಕಡಿಮೆ, ಆದರೆ ಬಂದವರು ಗಟ್ಟಿ ಗಿರಾಕಿ: ನಾಟಕ ಕಂಪನಿಗಳ ಹಾಡು, ಪಿ. ಕಾಳಿಂಗರಾಯರ ಹಾಡುಗಾರಿಕೆ ಹುಡುಕಿಕೊಂಡು ಬರುತ್ತಾರೆ. ಗಂಗೂಬಾಯಿ ಹಾನಗಲ್ಲರ ಶುರುವಿನ ಎಚ್‌ಎಂವಿ ಪ್ಲೇಟುಗಳ ಮೇಲೆ ‘ಗಾಂಧಾರಿ’ ಎಂಬ ಹೆಸರಿರುತ್ತಿತ್ತು. ಲೇಬಲ್ಲು ಓದಲು ಕಲಿತವರಿಗೇ ಇಂಥದು ಕಣ್ಣಿಗೆ ಬೀಳುವುದು.

ಲಾಟಿಗೆ ಬೆಲೆ ಕಟ್ಟುವ ಬಗೆ

ಮಾರುವವರು ಒಂದೊಂದಾಗಿ ಕೊಡುವುದಿಲ್ಲ, ಇಡೀ ಲಾಟು, ಅಂದರೆ ಇದ್ದದ್ದೆಲ್ಲ ತೆಗೆದುಕೊಂಡು ಹೋಗಿ ಅನ್ನುತ್ತಾರೆ. ಮೂರು ರಾಶಿ ಮಾಡಿ. 400 ಪ್ಲೇಟು ಇದೆ ಎನ್ನಿ. ಅದರಲ್ಲಿ 60 ಚೆನ್ನಾದವು, ಸರಾಸರಿ 600ಕ್ಕೆ ಹೋಗುವಂಥವು, ಅಂದರೆ 36,000. 140 ಸಾಧಾರಣ, 250ರಂತೆ 35,000. ಉಳಿದ 200 ಕಸ. ಮೊದಲೆರಡು ರಾಶಿಯ 71,000ಕ್ಕೆ ಶೇ. 30, ಅಂದರೆ 21,300 ನಿಮ್ಮ ಬೆಲೆ. ಮೂರನೆಯ ರಾಶಿಗೆ ಸೊನ್ನೆ. ಅದನ್ನು ಐವತ್ತರ ಪೆಟ್ಟಿಗೆಗೆ ಹಾಕಿದಾಗ ಬಂದಷ್ಟು ಬರಲಿ, ಕೊಳ್ಳುವಾಗ ಮಾತ್ರ ಎಣಿಸಬೇಡಿ. ಮಾಲು ತುಂಬ ಚೆನ್ನಾಗಿದ್ದು ಬೇರೆ ವ್ಯಾಪಾರಿಯೂ ಬಂದಿದ್ದರೆ ಶೇ. 40ರ ತನಕ ಹೋಗಬಹುದು. ಅದರ ಮೇಲೆ ಹೋದರೆ ತೊಳೆಯುವ ಕೂಲಿಯೂ ಹುಟ್ಟುವುದಿಲ್ಲ.

ನೋಡುವಾಗ ಕಿಟಕಿಯ ಬೆಳಕು ಸಾಲದು. ಚಿಕ್ಕ ಎಲ್‌ಇಡಿ ಟಾರ್ಚನ್ನು ಓರೆಯಾಗಿ ಹಿಡಿದರೆ ಗೀರುಗಳು ಎದ್ದು ಕಾಣುತ್ತವೆ. ಉಗುರಿಗೆ ತಾಗುವ ಗೀರು ಸದ್ದು ಮಾಡುತ್ತದೆ. ತಾಗದ್ದು ಬಹುಪಾಲು ಮಾಡುವುದಿಲ್ಲ. ನಡುವಿನ ತೂತಿನ ಸುತ್ತ ಲೇಬಲ್ಲಿನ ಮೇಲೆ ಕೂದಲೆಳೆಯಂಥ ಗುರುತು ತುಂಬಿದ್ದರೆ ಆ ಪ್ಲೇಟು ನೂರಾರು ಸಲ ತಿರುಗಿದೆ. ಪ್ಲೇಟನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚು ನೋಡಿ, ಸೊಟ್ಟ ತಿಳಿಯುತ್ತದೆ. ಕವರಿನೊಳಗಿರುವುದು ಅದೇ ಪ್ಲೇಟೋ ಎಂದು ಪ್ರತಿಯೊಂದನ್ನೂ ಹೊರತೆಗೆದು ನೋಡಿ. ಅದಲುಬದಲಾದದ್ದು ಎಲ್ಲ ಲಾಟಿನಲ್ಲೂ ಇರುತ್ತದೆ.

ಕಣ್ಣಿಗೆ ಕಾಣದ ದೋಷವೊಂದಿದೆ, ನಮ್ಮ ದೇಶದ ಹಳೆ ಪ್ಲೇಟುಗಳಲ್ಲಿ ಅದೇ ಹೆಚ್ಚು. ಎಚ್‌ಎಂವಿ ಫಿಯೆಸ್ಟಾದಂಥ ಮನೆ ಪ್ಲೇಯರುಗಳ ಸೆರಾಮಿಕ್ ಪಿಕಪ್ (ಮುಳ್ಳು ಕೂರುವ ತಲೆ) ಭಾರವಾಗಿರುತ್ತಿತ್ತು, ಮುಳ್ಳು ಸವೆದರೂ ಬದಲಿಸುತ್ತಿರಲಿಲ್ಲ. ಪ್ಲೇಟು ಕನ್ನಡಿಯಂತೆ ಹೊಳೆಯುತ್ತಿದ್ದರೂ ಒಳಸುತ್ತಿನ ಗಾಡಿಗಳು, ಅಂದರೆ ಮುಳ್ಳು ಓಡುವ ಸಣ್ಣ ಕಾಲುವೆಗಳು, ಸವೆದು, ಬದಿಯ ಕೊನೆಯ ಹಾಡಿನಲ್ಲಿ ‘ಸ’ಕಾರ, ಏರುದನಿಗಳು ಒಡಕಲಾಗುತ್ತವೆ. ದೊಡ್ಡ ಮೊತ್ತದ ಲಾಟು ಕೊಳ್ಳುವಾಗ ಬ್ಯಾಟರಿ ಪ್ಲೇಯರ್ ಒಯ್ದು, ದುಬಾರಿಯ ಹತ್ತು ಪ್ಲೇಟುಗಳ ಕೊನೆಯ ಹಾಡಿನ ಅರ್ಧ ನಿಮಿಷ ಕೇಳಿ.

ಕೊಂಡ ಕೂಡಲೇ ರಸೀದಿ: ಮಾರಿದವರ ಹೆಸರು, ಗುರುತಿನ ಚೀಟಿಯ ಪ್ರತಿ, ಎಷ್ಟು ಪ್ಲೇಟು, ಎಷ್ಟು ಹಣ, ಸಹಿ. ಹಣ ಯುಪಿಐನಲ್ಲೋ ಚೆಕ್ಕಿನಲ್ಲೋ ಕೊಡಿ. ಮಾವ ಊರಿಗೆ ಹೋದಾಗ ಅಳಿಯ ಮಾರಿದ ಲಾಟು ಮಾರನೇ ವಾರ ಜಗಳವಾಗಿ ಬಾಗಿಲಿಗೆ ಬಂದಾಗ ಕೈಯಲ್ಲಿರುವ ಆಧಾರ ಇದೊಂದೇ.

ತೊಳೆಯುವುದು, ದರ್ಜೆ ಹಾಕುವುದು

ಬೂಷ್ಟು ಹಿಡಿದ ಪ್ಲೇಟನ್ನು ಅಂಗಡಿಯೊಳಗೆ ಬಿಚ್ಚಬೇಡಿ. ಹೊರಗೆ, ಮುಖಕ್ಕೆ ಮಾಸ್ಕ್ ಹಾಕಿ, ಒಣ ಬ್ರಷ್ಷಿನಿಂದ ತೆಗೆಯಿರಿ. ಹಳೆ ಒಳಚೀಲವನ್ನು ಎಸೆದುಬಿಡಿ, ಬೂಷ್ಟು ಮರಳುವುದು ಅಲ್ಲಿಂದ. ದಪ್ಪ ಪಿವಿಸಿ ಚೀಲಗಳನ್ನೂ ಎಸೆಯಿರಿ. ಸೆಕೆಗೆ ಅವು ಪ್ಲೇಟಿಗೆ ಅಂಟಿ ಮಾಸಲು ಕಲೆ ಬಿಡುತ್ತವೆ, ಆ ಕಲೆ ತೊಳೆದರೂ ಹೋಗುವುದಿಲ್ಲ.

ನಲ್ಲಿ ನೀರು, ಬೋರ್‌ವೆಲ್ ನೀರು ಬೇಡ. ಒಣಗಿದಾಗ ಸುಣ್ಣದ ಪುಡಿ ಗಾಡಿಯಲ್ಲಿ ಕೂತು ಚಟಪಟ ಎನ್ನುತ್ತದೆ. ಒಂದು ಲೀಟರ್ ಡಿಸ್ಟಿಲ್ಡ್ ವಾಟರಿಗೆ ವಾಸನೆ, ಬಣ್ಣ ಇಲ್ಲದ ಪಾತ್ರೆ ತೊಳೆಯುವ ದ್ರಾವಣದ ಎರಡು ಮೂರು ಹನಿ. ಎಣ್ಣೆ ಜಿಡ್ಡು ಹೆಚ್ಚಿದ್ದರೆ 100 ಎಂಎಲ್ ಐಸೊಪ್ರೊಪೈಲ್ ಆಲ್ಕೋಹಾಲ್ ಸೇರಿಸಿ. ಮೆತ್ತನೆಯ ಬ್ರಷ್ಷಿನಿಂದ ಗಾಡಿಯ ಗುಂಟ ಸುತ್ತಿಸಿ, ಅಡ್ಡ ಉಜ್ಜಬೇಡಿ. ಆಮೇಲೆ ಬರಿಯ ಡಿಸ್ಟಿಲ್ಡ್ ವಾಟರಿನಲ್ಲಿ ಎರಡು ಸಲ ಜಾಲಿಸಿ, ಮೈಕ್ರೊಫೈಬರ್ ಬಟ್ಟೆಯಲ್ಲಿ ಒತ್ತಿ, ನಿಲ್ಲಿಸಿ ಒಣಗಿಸಿ. ಲೇಬಲ್ಲು ನೆನೆಯಬಾರದು. ತಿಂಗಳಿಗೆ ನೂರೈವತ್ತು ತೊಳೆಯುವುದಾದರೆ ನೀರು ಹೀರುವ ವ್ಯಾಕ್ಯೂಮ್ ಯಂತ್ರ ತರಿಸುವುದು ಲೇಸು, ಕೈಯಲ್ಲಿ ಅಷ್ಟು ತೊಳೆಯಲಾಗದು.

78ರ ಪ್ಲೇಟಿಗೆ ಆಲ್ಕೋಹಾಲ್ ತಾಗಲೇಬಾರದು. ಅದು ಅರಗು, ಕರಗಿಹೋಗುತ್ತದೆ.

ದರ್ಜೆಗೆ ಜಗತ್ತೆಲ್ಲ ಬಳಸುವ, ಗೋಲ್ಡ್‌ಮೈನ್ ಎಂಬ ಅಮೆರಿಕದ ರೆಕಾರ್ಡ್ ಪತ್ರಿಕೆಯ ಕ್ರಮವನ್ನೇ ಇಟ್ಟುಕೊಳ್ಳಿ: ಮಿಂಟ್, ನಿಯರ್ ಮಿಂಟ್, ವೆರಿ ಗುಡ್ ಪ್ಲಸ್, ವೆರಿ ಗುಡ್, ಗುಡ್, ಪೂರ್. ಪ್ಲೇಟಿಗೊಂದು, ಕವರಿಗೊಂದು ಬೇರೆ ಬೇರೆ ಹಾಕಿ. ನಲವತ್ತು ವರ್ಷದ ಭಾರತೀಯ ಪ್ಲೇಟಿಗೆ ನಿಯರ್ ಮಿಂಟ್ ಎಂದು ಬರೆಯುವ ಮೊದಲು ಎರಡು ಸಲ ಯೋಚಿಸಿ. 500ಕ್ಕೆ ಮೇಲಿನದನ್ನೆಲ್ಲ ಕೇಳಿಯೇ ದರ್ಜೆ ಹಾಕಿ. ಅನುಮಾನ ಬಂದರೆ ಒಂದು ಮೆಟ್ಟಿಲು ಕೆಳಗೆ. ‘ಬದಿ ಎರಡು, ಮೂರನೇ ಹಾಡಿನಲ್ಲಿ ನಾಲ್ಕು ಟಿಕ್’ ಎಂದು ಚೀಟಿಯಲ್ಲಿ ಬರೆದ ಪ್ಲೇಟು ಬೇಗ ಮಾರಾಟವಾಗುತ್ತದೆ, ಯಾಕೆಂದರೆ ಬರೆಯದ ದೋಷ ಬೇರೆ ಇಲ್ಲವೆಂದು ಗಿರಾಕಿಗೆ ಗೊತ್ತಾಗುತ್ತದೆ.

ಕೇಳಲು ಎರಡು ಟರ್ನ್‌ಟೇಬಲ್ ಬೇಕು: ಒಂದು ನಿಮಗೆ, ಒಂದು ಹೆಡ್‌ಫೋನ್ ಸಮೇತ ಗಿರಾಕಿಗೆ. ಮುಳ್ಳು ಸುಲಭವಾಗಿ ಬದಲಾಯಿಸಲು ಬರುವ ಕಾರ್ಟ್ರಿಜ್ (ಇವತ್ತಿನ ಪಿಕಪ್) ಇರಲಿ. ಆಡಿಯೊ-ಟೆಕ್ನಿಕಾ ಎಟಿ-ವಿಎಂ95ಇ ಇದ್ದರೆ ಪ್ಲೇಟಿನ ಮೇಲೆ ಮುಳ್ಳಿನ ಭಾರ 2 ಗ್ರಾಂ. ತೂಗುವ ಪುಟ್ಟ ತಕ್ಕಡಿಯಿಂದ ವಾರಕ್ಕೊಮ್ಮೆ ನೋಡಿ. ಇಂಥ ಎಲಿಪ್ಟಿಕಲ್ (ಮೊಟ್ಟೆಯಾಕಾರದ ತುದಿಯ) ಮುಳ್ಳಿನ ಆಯುಸ್ಸು ಸುಮಾರು 300 ಗಂಟೆ. ದಿನಕ್ಕೆ ಮೂರು ಗಂಟೆ ಓಡಿದರೆ ನೂರು ದಿನ, ಅಂದರೆ ವರ್ಷಕ್ಕೆ ಮೂರು ಮುಳ್ಳು ಖರ್ಚಿನ ಪಟ್ಟಿಯಲ್ಲಿರಬೇಕು. 78ಕ್ಕೆ ಮೂರು ಮಿಲ್ (ಇಂಚಿನ ಸಾವಿರದಲ್ಲಿ ಮೂರು ಪಾಲು) ದಪ್ಪದ ಬೇರೆ ಮುಳ್ಳು. ಎಲ್‌ಪಿ ಮುಳ್ಳು ಅದರ ಅಗಲ ಗಾಡಿಯ ತಳದಲ್ಲಿ ತೇಲಾಡಿ ಬರೀ ಕರಕರ ಕೊಡುತ್ತದೆ. ಕೊಳವೆ ಗ್ರಾಮಫೋನಿನ ಉಕ್ಕಿನ ಮುಳ್ಳಿನಡಿ ಎಲ್‌ಪಿ ಇಟ್ಟರೆ ಒಂದೇ ಸಲಕ್ಕೆ ಹಾಳು. ಅಲಂಕಾರಕ್ಕೆ ಗ್ರಾಮಫೋನ್ ಕೊಳ್ಳುವವರಿಗೆ ಇದನ್ನು ಹೇಳಿ ಕಳಿಸಿ.

ಅಮೆರಿಕದಿಂದ ಬಂದ ಹಳೆ ಟರ್ನ್‌ಟೇಬಲ್ ಮಾರಲು ಸಿಕ್ಕರೆ ಮೋಟಾರು ನೋಡಿ. 60 ಹರ್ಟ್ಸ್‌ನ ಸಿಂಕ್ರೊನಸ್ ಮೋಟಾರಾದರೆ (ಕರೆಂಟಿನ ಹರ್ಟ್ಸ್‌ಗೆ ತಕ್ಕ ವೇಗದಲ್ಲಿ ತಿರುಗುವಂಥದ್ದು) ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ನಿಮಿಷಕ್ಕೆ 33⅓ ಸುತ್ತಿನ ಬದಲು 28ರ ಹತ್ತಿರ ತಿರುಗಿ ಹಾಡು ಎಳೆಯುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಇಟ್ಟರೂ ಅದು ಸರಿಹೋಗುವುದಿಲ್ಲ.

ಜಾಗ, ಪೆಟ್ಟಿಗೆ

ಪಶ್ಚಿಮದ ಬಿಸಿಲು ಬೀಳುವ ಗಾಜಿನ ಗೋಡೆ, ಗೋಡೆಯಲ್ಲಿ ತೇವ, ಮೇಲೆ ಬಾತ್‌ರೂಮು: ಈ ಮೂರರಲ್ಲಿ ಒಂದಿದ್ದರೂ ಆ ಜಾಗ ಬೇಡ. ಜುಲೈನಲ್ಲಿ ಹೋಗಿ ಗೋಡೆ ಮುಟ್ಟಿ ನೋಡಿದರೆ ಏಪ್ರಿಲ್‌ನಲ್ಲಿ ಕಾಣದ್ದು ಕಾಣುತ್ತದೆ. ಒಳಗಿನ ತೇವಾಂಶ ಶೇ. 40ರಿಂದ 50ರಲ್ಲಿದ್ದರೆ ಸರಿ, 60 ದಾಟಿದರೆ ತೇವ ಹೀರುವ ಯಂತ್ರ, ಡಿಹ್ಯುಮಿಡಿಫೈಯರ್ ಓಡಿಸಿ. ಮಂಗಳೂರು, ಉಡುಪಿಯಲ್ಲಿ ಅದು ಆರು ತಿಂಗಳು ನಿಲ್ಲದೆ ಓಡಬೇಕಾಗುತ್ತದೆ. ಅಲ್ಲಿನವರು ಕರೆಂಟಿನ ಲೆಕ್ಕ ಹೆಚ್ಚು ಹಿಡಿಯಲಿ.

ಪೆಟ್ಟಿಗೆಯ ಒಳ ಅಗಲ 33.5 ಸೆಂ.ಮೀ., ಹಿಂದುಮುಂದು 40 ಸೆಂ.ಮೀ., ತಳ ನೆಲದಿಂದ 70 ಸೆಂ.ಮೀ. ಎತ್ತರ. 18 ಎಂಎಂ ಪ್ಲೈವುಡ್ ಹೇಳಿ ಬಡಗಿಯಿಂದ ಮಾಡಿಸಿ. ಅಂಥ ಒಂದು ಖಾನೆಯಲ್ಲಿ ನೂರು ತುರುಕಬಹುದು, ಆದರೆ 65ಕ್ಕೆ ನಿಲ್ಲಿಸಿ. ಬೆರಳಿಗೆ ಜಾಗವಿಲ್ಲದಿದ್ದರೆ ಗಿರಾಕಿ ಎಳೆದು ತೆಗೆಯುತ್ತಾರೆ, ಕವರಿನ ಅಂಚು ಹರಿಯುತ್ತದೆ. 16 ಖಾನೆಗೆ ಸಾವಿರ ಪ್ಲೇಟು, ಕವರು ಸೇರಿ ತೂಕ 250 ಕೆ.ಜಿ. ಆಸುಪಾಸು. ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಹಲಗೆ ಈ ಭಾರಕ್ಕಲ್ಲ. ಕಾದಿಟ್ಟ ಮಾಲೂ ನೆಟ್ಟಗೆ ನಿಲ್ಲಬೇಕು. ಒಂದರ ಮೇಲೊಂದು ಮಲಗಿಸಿದರೆ ಕೆಳಗಿನವು ಬಾಗುತ್ತವೆ, 78ರವು ಸೀಳುತ್ತವೆ.

ಕಾಗದಪತ್ರ

ಅಂಗಡಿ ಶುರುವಾಗಿ 30 ದಿನದೊಳಗೆ ಕಾರ್ಮಿಕ ಇಲಾಖೆಯಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ, ಪಾಲಿಕೆಯಿಂದ ಉದ್ದಿಮೆ ಪರವಾನಗಿ, ಉದ್ಯಮ್ ನೋಂದಣಿ (ಇದು ಉಚಿತ, ಹಣ ಕೇಳುವ ವೆಬ್‌ಸೈಟು ನಕಲಿ). ಬೋರ್ಡಿನಲ್ಲಿ ಶೇ. 60 ಕನ್ನಡ, ಅದೂ ಮೇಲ್ಭಾಗದಲ್ಲಿ ಇರಬೇಕೆಂದು 2024ರ ತಿದ್ದುಪಡಿ ಹೇಳುತ್ತದೆ.

ಜಿಎಸ್‌ಟಿಯಲ್ಲಿ ಎರಡು ವಿಷಯ ತಿಳಿದಿರಲೇಬೇಕು. ಕರ್ನಾಟಕದಲ್ಲಿ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವ ತನಕ ನೋಂದಣಿ ಕಡ್ಡಾಯವಲ್ಲ. ಆದರೆ ಚೆನ್ನೈಗೋ ಪುಣೆಗೋ ಒಂದೇ ಒಂದು ಪ್ಲೇಟು ಮಾರಿ ಕಳಿಸಿದರೆ ಈ ವಿನಾಯಿತಿ ಹೋಯಿತು. ಹೊರರಾಜ್ಯಕ್ಕೆ ಸರಕು ಮಾರುವವರಿಗೆ ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ಇನ್‌ಸ್ಟಾಗ್ರಾಮಿನಲ್ಲಿ ಮಾರುವ ಬಹಳ ಜನ ಇದನ್ನು ಗಮನಿಸುವುದಿಲ್ಲ. ಎರಡನೆಯದು ನಿಮಗೆ ಅನುಕೂಲದ್ದು: ಬಳಸಿದ ಸರಕನ್ನು ಮಾರುವವರು ಪೂರ್ತಿ ಬೆಲೆಗಲ್ಲದೆ, ಕೊಂಡ ಬೆಲೆ ಮತ್ತು ಮಾರಿದ ಬೆಲೆಯ ವ್ಯತ್ಯಾಸಕ್ಕಷ್ಟೇ ತೆರಿಗೆ ಕಟ್ಟಬಹುದು. ಕೊಂಡಾಗಿನ ತೆರಿಗೆಯ ಕ್ರೆಡಿಟ್ ಪಡೆದಿರಬಾರದು, ಮಾಲಿನ ರೂಪ ಬದಲಾಗಿರಬಾರದು (ತೊಳೆದರೆ ಅಡ್ಡಿಯಿಲ್ಲ). ಇದಕ್ಕೆ ಲಾಟಿನ ಬೆಲೆಯನ್ನು ಪ್ಲೇಟು ಪ್ಲೇಟಿಗೂ ಹಂಚಿ ಬರೆದಿಟ್ಟಿರಬೇಕು. 21,300ರ ಲಾಟು ತಂದ ದಿನವೇ ಈ ಕೆಲಸ ಮುಗಿಸಿ. ಮಾರ್ಚಿನಲ್ಲಿ ಕೂತರೆ ಯಾವ ಪ್ಲೇಟು ಯಾವ ಮನೆಯದೆಂದು ನೆನಪಿರುವುದಿಲ್ಲ.

ಅಂಗಡಿಯಲ್ಲಿ ಜನ ಸೇರಿಸಿ ಕೇಳಿಸುವ ಕಾರ್ಯಕ್ರಮ ಇಟ್ಟರೆ ಹಾಡಿನ ಹಕ್ಕುಸ್ವಾಮ್ಯ ನೋಡಿಕೊಳ್ಳುವ ಪಿಪಿಎಲ್, ಐಪಿಆರ್‌ಎಸ್ ಸಂಸ್ಥೆಗಳ ಪರವಾನಗಿಯ ಮಾತು ಬರುತ್ತದೆ. ಮೊದಲೇ ವಿಚಾರಿಸಿ.

ಹೊಸ ಮಾಲು, ಬೆಲೆ ಚೀಟಿ

ಹೊಸ ಪ್ಲೇಟು 60ರಿಂದ 80 ಸಾಕು, ಒಂದೊಂದೇ ಪ್ರತಿ. ಸಾರೆಗಾಮದಂಥ ಕಂಪನಿಗಳ ಮರುಮುದ್ರಣಗಳು ಇಲ್ಲೇ ಸಿಗುತ್ತವೆ. ವಿದೇಶದಿಂದ ನೇರ ತರಿಸಲು ಡಿಜಿಎಫ್‌ಟಿಯ (ಕೇಂದ್ರದ ವಿದೇಶ ವ್ಯಾಪಾರ ಕಚೇರಿ) ಐಇಸಿ, ಅಂದರೆ ಆಮದು-ರಫ್ತು ಸಂಖ್ಯೆ ಬೇಕು, ಸುಂಕ, ಸಾಗಣೆ ಸೇರಿ ಬೆಲೆ ಎಲ್ಲಿಗೋ ಹೋಗುತ್ತದೆ. ಗಿರಾಕಿ ಮುಂಗಡ ಕೊಟ್ಟ ಪ್ಲೇಟನ್ನಷ್ಟೇ ತರಿಸಿ. ಊರಿನ ಬ್ಯಾಂಡುಗಳು ತಾವೇ ಒತ್ತಿಸಿದ ಪ್ಲೇಟು ತಂದರೆ ಮಾರಿದ ಮೇಲೆ ಹಣ ಕೊಡುವ ಕರಾರಿನಲ್ಲಿ ಇಡಿ. ಅವರಿಗೆ 70, ನಿಮಗೆ 30, ಮೂರು ತಿಂಗಳ ಗಡುವು, ಎಲ್ಲ ಬರಹದಲ್ಲಿ.

ಹಳತಕ್ಕೆ ಬೆಲೆ ಕಟ್ಟಲು ಡಿಸ್ಕಾಗ್ಸ್ (ರೆಕಾರ್ಡು ಕೊಂಡು ಮಾರುವ ವೆಬ್‌ಸೈಟು) ನೋಡುವುದಾದರೆ ಕೇಳಿದ ಬೆಲೆ ಬಿಟ್ಟು ಮಾರಾಟವಾದ ಬೆಲೆಯ ಮಧ್ಯಮ ನೋಡಿ. ಕನ್ನಡದ ಪ್ಲೇಟುಗಳಿಗೆ ಅಲ್ಲಿ ಮಾರಾಟದ ದಾಖಲೆಯೇ ಕಡಿಮೆ, ಹಾಗಾಗಿ ನಿಮ್ಮ ಸ್ವಂತ ಖಾತೆ ಪುಸ್ತಕವೇ ಮುಂದೆ ನಿಮ್ಮ ಆಸ್ತಿ: ಯಾವುದು, ಯಾವ ದರ್ಜೆ, ಎಷ್ಟಕ್ಕೆ, ಎಷ್ಟು ದಿನಕ್ಕೆ ಹೋಯಿತು. ಬೆಲೆ ಚೀಟಿ ಹೊರಚೀಲದ ಮೇಲೆ ಮಾತ್ರ, ಕವರಿನ ಮೇಲೆ ಅಂಟಿಸಿದರೆ ಕೀಳುವಾಗ ಬಣ್ಣ ಬರುತ್ತದೆ. ಚೀಟಿಯ ಮೂಲೆಯಲ್ಲಿ ಇಟ್ಟ ತಿಂಗಳು ಬರೆಯಿರಿ. 90 ದಿನ ಕಳೆದರೆ ಶೇ. 20 ಇಳಿಸಿ, 180 ಕಳೆದರೆ ನೂರರ ಪೆಟ್ಟಿಗೆಗೆ. ಅಸಲು ಬರಲಿಲ್ಲವೆಂದು ಹಿಡಿದುಕೊಂಡರೆ ನಿತ್ಯ ಬರುವ ಗಿರಾಕಿಗೆ ಅದದೇ ಮುಖಗಳು ಕಾಣುತ್ತವೆ. ವಾರಕ್ಕೆ ನಲವತ್ತಾದರೂ ಹೊಸದಾಗಿ ಹೊರಬರಬೇಕು, ಅದೂ ಒಂದು ಗೊತ್ತಾದ ದಿನ. ಶುಕ್ರವಾರ ಸಂಜೆ ಎಂದು ಹೇಳಿದ್ದರೆ ಶುಕ್ರವಾರವೇ. ಉದ್ರಿ ಬೇಡ. ಗಟ್ಟಿ ಗಿರಾಕಿಗೆ ಒಂದು ವಾರ ಎತ್ತಿಡಿ, ಆದರೆ ಮಾಲು ಕೊಡುವುದು ಹಣ ಬಂದ ಮೇಲೆ.

ಪಾರ್ಸೆಲ್ ಕಳಿಸುವಾಗ

ಪ್ಲೇಟನ್ನು ಕವರಿನಿಂದ ಹೊರತೆಗೆದು, ಒಳಚೀಲದಲ್ಲಿಟ್ಟು ಕವರಿನ ಹಿಂದೆ ಸೇರಿಸಿ. ಒಳಗೇ ಬಿಟ್ಟರೆ ಎಸೆದಾಟದಲ್ಲಿ ಅದರ ಅಂಚು ಕವರನ್ನು ಸೀಳಿಕೊಂಡು ಹೊರಬರುತ್ತದೆ. ಎರಡೂ ಕಡೆ 13 ಇಂಚು ಚೌಕದ ರಟ್ಟು, ಒಂದರ ಗೆರೆ ಉದ್ದ, ಇನ್ನೊಂದರದು ಅಡ್ಡ. ಆಗ ಯಾವ ಕಡೆಗೂ ಮಡಚುವುದಿಲ್ಲ. ಮಳೆಗೆ ಪ್ಲಾಸ್ಟಿಕ್ ಸುತ್ತು, ಹೊರಗೆ ಐದು ಪದರದ ರಟ್ಟಿನ ಪೆಟ್ಟಿಗೆ, ಮೂಲೆಗಳಿಗೆ ಜೋಡಿ ಟೇಪು. 78 ಕಳಿಸುವುದಾದರೆ ಪ್ರತಿ ಪ್ಲೇಟಿನ ನಡುವೆ ರಟ್ಟು ಇಟ್ಟು ಬಿಗಿಯಾಗಿ ಕಟ್ಟಿ, ಆ ಕಟ್ಟನ್ನು ಸುತ್ತಲೂ ಎರಡಿಂಚು ಮೆತ್ತೆ ಇರುವ ದೊಡ್ಡ ಪೆಟ್ಟಿಗೆಯಲ್ಲಿಡಿ. ಏಪ್ರಿಲ್, ಮೇನಲ್ಲಿ ಕಲಬುರಗಿ, ರಾಯಚೂರು ಕಡೆಗೆ ಶುಕ್ರವಾರ ರವಾನಿಸಬೇಡಿ. ಭಾನುವಾರವೆಲ್ಲ ತಗಡಿನ ಗೋದಾಮಿನಲ್ಲಿ ಬೆಂದ ಪ್ಲೇಟು ಸೊಟ್ಟಗಾಗಿ ತಲುಪುತ್ತದೆ. ಕಟ್ಟುವ ಮೊದಲು ಎರಡೂ ಬದಿಯ ಫೋಟೊ ತೆಗೆದಿಡಿ. ಹೇಳಿದ ದರ್ಜೆ ಇಲ್ಲವೆಂದು ಏಳು ದಿನದೊಳಗೆ ವಾಪಸು ಬಂದರೆ ಹಣ ಕೊಟ್ಟು, ದರ್ಜೆ ತಿದ್ದಿ ಮತ್ತೆ ಪೆಟ್ಟಿಗೆಗೆ ಹಾಕಿ.